ಅಜ್ಜಿಯ ಫೋನಿಗೆ ಬಂದ ನೋಟೀಸು

ನಮ್ಮ ಅಜ್ಜಿ ಫೋನಲ್ಲಿ ಏನೇ ಸದ್ದಾದರೂ "ನೋಟೀಸು ಬಂತು" ಅಂತಾಳೆ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಗುಲಾಬಿ ಹೂವಿನ ಶುಭೋದಯ ಕಳಿಸಿದ್ರೂ ನೋಟೀಸು, ನಾಳೆ ರೀಚಾರ್ಜ್ ಮುಗಿಯುತ್ತೆ ಅಂತ ಮೆಸೇಜ್ ಬಂದ್ರೂ ನೋಟೀಸು. "ನೋಟೀಸಲ್ಲ ಅಜ್ಜಿ, ನೋಟಿಫಿಕೇಶನ್" ಅಂತ ನಾನು ತಿದ್ದುತ್ತಿದ್ದೆ. ಅವಳು "ಎರಡೂ ಒಂದೇ ಅಲ್ವಾ ತಂಗೀ" ಅಂತಿದ್ದಳು. ನಾನು ನಗ್ತಿದ್ದೆ.

ಕಳೆದ ಮಳೆಗಾಲದಲ್ಲಿ ಆ ಫೋನಿಗಾಗಿ ನಾನೇ ಒಂದು ಪ್ರೋಗ್ರಾಂ ಬರೆದೆ. ಅದು ಸರಿಯಾಗಿ ಕೆಲಸ ಮಾಡಿತು, ಆದರೆ ಯಾರಿಗೂ ಉಪಯೋಗಕ್ಕೆ ಬರಲಿಲ್ಲ. ಅದು ಯಾಕೆ ಹಾಗಾಯ್ತು, ಆಮೇಲೆ ಏನು ಮಾಡಿದೆ ಅನ್ನೋದೇ ಈ ಬರಹ. ಸಿವಿಲ್, ಮೆಕ್ಯಾನಿಕಲ್‌ನವರು ಪುಟ ದಾಟಿಸಬೇಡಿ, ಕೋಡ್ ಒಂದು ಸಾಲೂ ಹಾಕಿಲ್ಲ. ಇನ್ನೊಂದು ಮಾತು. ನಾನು ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಒತ್ತಕ್ಷರ ತಪ್ಪಿದ್ರೆ ಕ್ಷಮೆ ಇರಲಿ.

ನಮ್ಮೂರು ಅರ್ಗಾ. ಅಂಕೋಲಾದಿಂದ ಕಾರವಾರಕ್ಕೆ ಹೋಗುವ ಹೆದ್ದಾರಿಯಲ್ಲಿ ಬಸ್ಸಲ್ಲಿ ಕೂತರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಉದ್ದಕ್ಕೆ ಕಾಂಪೌಂಡು ಕಾಣುತ್ತೆ. ಆ ಕಾಂಪೌಂಡಿನ ಆಚೆ ಐಎನ್‌ಎಸ್ ಕದಂಬ ನೌಕಾನೆಲೆ. ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆ ಆಯ್ತು. ನೆಲೆ ಕೆಲಸ ಶುರು ಮಾಡಿದ್ದು 2005ರ ಮೇ 31ರಂದು. ಈ ಎರಡು ತಾರೀಕಿನ ನಡುವೆ ಕಾರವಾರ, ಅಂಕೋಲಾ ತಾಲೂಕುಗಳ ಕಡಲ ಬದಿಯ ಎಷ್ಟೋ ಮನೆಗಳು ಜಾಗ ಬಿಟ್ಟವು. ಅದರಲ್ಲಿ ನಮ್ಮಜ್ಜಿಯ ಮನೆಯೂ ಒಂದು. ಈಗಿನ ಮನೆ ಹೆದ್ದಾರಿಯಿಂದ ಈಚೆ, ಗುಡ್ಡದ ಬುಡದಲ್ಲಿದೆ. ಹಿತ್ತಿಲ ಪಕ್ಕದಲ್ಲೇ ಹಳ್ಳ. ಬೇಸಿಗೆಯಲ್ಲಿ ಆ ಹಳ್ಳ ಚಪ್ಪಲಿ ಒದ್ದೆಯಾಗದ ಹಾಗೆ ದಾಟಬಹುದು. ಜೂನ್ ಬಂದ ಮೇಲೆ ಅದರ ಸದ್ದಿಗೆ ಮನೆಯೊಳಗೆ ಟೀವಿ ಕೇಳಿಸಲ್ಲ.

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನಿಮಗೆಲ್ಲ ನೆನಪಿರಬಹುದು. ನಮ್ಮ ಮನೆ ಮುಂದೆ ಹೋಗುವ ಅದೇ ಹೆದ್ದಾರಿ ಅದು. ಮೂರು ವಾರದ ನಂತರ, ಆಗಸ್ಟ್ 7ರ ನಸುಕಿನಲ್ಲಿ, ಕಾಳಿ ನದಿಯ ಹಳೇ ಸೇತುವೆ ಮುರಿದು ಬಿತ್ತು. ನಾನು ಸಿಇಟಿ ಕೌನ್ಸೆಲಿಂಗ್ ಪುಟ ರಿಫ್ರೆಶ್ ಮಾಡ್ತಾ ಕೂತಿದ್ದ ದಿನಗಳು ಅವು. ಸೀಟು ಸಿಕ್ಕಿ ನಾನು ಘಟ್ಟ ಹತ್ತಿ ಇಲ್ಲಿಗೆ ಬಂದೆ. ಅಪ್ಪನ ಕೆಲಸ ಮಡಗಾಂವಿನಲ್ಲಿ, ಅಮ್ಮನೂ ಅಲ್ಲಿಗೆ ಹೋದಳು. ಅಜ್ಜಿಯನ್ನು ಎಷ್ಟು ಕರೆದರೂ ಬರಲಿಲ್ಲ. "ಒಂದು ಸಲ ಮನೆ ಬಿಟ್ಟದ್ದು ಸಾಕು" ಅಂದಳು. ಅದಕ್ಕೆ ನಮ್ಮಲ್ಲಿ ಯಾರ ಹತ್ರವೂ ಉತ್ತರ ಇರಲಿಲ್ಲ.

ಹಾಗಾಗಿ ಫಸ್ಟ್ ಇಯರ್‌ನಲ್ಲಿ ಎಲ್ಲರೂ ಎಲ್‌ಇಡಿ ಮಿಣುಕಿಸ್ತಾ ಇದ್ದಾಗ ನಾನು ಹಳ್ಳದ ನೀರು ಅಳೆಯೋ ಯೋಚನೆ ಮಾಡಿದೆ. ಕಾರಿನ ರಿವರ್ಸ್ ಪಾರ್ಕಿಂಗಿಗೆ ಹಾಕ್ತಾರಲ್ಲ, ಆ ಥರದ, ನೀರು ತಾಗಿದರೂ ಹಾಳಾಗದ ಅಲ್ಟ್ರಾಸೋನಿಕ್ ಸೆನ್ಸರ್ ತಂದೆ. ರಜೆಗೆ ಊರಿಗೆ ಹೋದಾಗ ಅದನ್ನು ಹಳ್ಳದ ಸಂಕದ ಅಡಿಗೆ ಮುಖ ಕೆಳಗೆ ಮಾಡಿ ಕಟ್ಟಿದೆ. ಅದು ಸದ್ದು ಕಳಿಸುತ್ತೆ, ನೀರಿಗೆ ಬಡಿದು ವಾಪಸ್ ಬರೋದಕ್ಕೆ ಎಷ್ಟು ಹೊತ್ತಾಯ್ತು ಅಂತ ನೋಡುತ್ತೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ, ಹೋಗಿ ಬರೋ ದೂರದ ಅರ್ಧ ತಗೊಂಡ್ರೆ ಸಂಕಕ್ಕೂ ನೀರಿಗೂ ಇರೋ ಅಂತರ ಸಿಗುತ್ತೆ. ಪಕ್ಕದಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ಒಂದು ನೋಡ್‌ಎಂಸಿಯು ಬೋರ್ಡು. ಅದು ವೈಫೈ ಮೇಲೆ ಅಳತೆಯನ್ನು ಮನೆಯೊಳಗಿನ ರಾಸ್ಪ್‌ಬೆರಿ ಪೈಗೆ ಕೊಡುತ್ತೆ. ಪೈ ಇದ್ದದ್ದು ಅಟ್ಟದಲ್ಲಿ, ಉಪ್ಪಿನಕಾಯಿ ಭರಣಿಗಳ ಪಕ್ಕ. ಅಂತರ 50 ಸೆಂಟಿಮೀಟರಿಗಿಂತ ಕಮ್ಮಿಯಾದ್ರೆ ಅಜ್ಜಿಯ ಫೋನಿಗೂ, ಅಮ್ಮನಿಗೂ, ನನಗೂ ಎಚ್ಚರಿಕೆ ಬರಬೇಕು. ಅಷ್ಟೇ ಯೋಜನೆ.

ಎಚ್ಚರಿಕೆ ಫೋನಿಗೆ ತಲುಪಿಸೋದೇ ಪುಶ್ ನೋಟಿಫಿಕೇಶನ್ನಿನ ಕೆಲಸ. ನಮ್ಮ ಕಡೆಯ ಉದಾಹರಣೆ ಹೇಳ್ತೇನೆ. ಮೀನು ಬಂದಿದೆಯಾ ಅಂತ ನೀವು ಹತ್ತು ನಿಮಿಷಕ್ಕೊಮ್ಮೆ ಮಾರ್ಕೆಟ್ಟಿಗೆ ಹೋಗಿ ನೋಡಬಹುದು. ಕಾಲು ನೋಯುತ್ತೆ, ಮೀನೂ ಸಿಗಲ್ಲ. ಅದರ ಬದಲು ಮೀನು ಮಾರುವವಳು ಬುಟ್ಟಿ ಹೊತ್ತು ಬಂದು ದಣಪೆಯ ಹತ್ರ ಕೂಗಿದರೆ ನೀವು ಹೊರಗೆ ಬಂದರೆ ಸಾಕು. ಮೊದಲನೆಯದು ಪೋಲಿಂಗ್, ಎರಡನೆಯದು ಪುಶ್. ಫೋನಲ್ಲಿರುವ ಐವತ್ತು ಆ್ಯಪುಗಳೂ ತಮ್ಮ ತಮ್ಮ ಸರ್ವರಿಗೆ ಹೋಗಿ ಹೋಗಿ ಕೇಳ್ತಾ ಇದ್ರೆ ಮಧ್ಯಾಹ್ನದೊಳಗೆ ಬ್ಯಾಟರಿ ಖಾಲಿ. ಅದಕ್ಕೇ ಆ್ಯಪಲ್ 2009ರಲ್ಲಿ, ಗೂಗಲ್ 2010ರಲ್ಲಿ ಒಂದೇ ದಾರಿ ಮಾಡಿದವು. ಫೋನು ಒಂದೇ ಒಂದು ಸಂಪರ್ಕ ತೆರೆದಿಟ್ಟುಕೊಂಡಿರುತ್ತೆ, ಎಲ್ಲರ ಸಂದೇಶವೂ ಅದರ ಮೂಲಕವೇ ಬರುತ್ತೆ. ಗೂಗಲ್‌ನದ್ದು ಹೆಸರು ಬದಲಿಸಿ ಬದಲಿಸಿ ಈಗ ಎಫ್‌ಸಿಎಂ ಆಗಿದೆ.

ನನ್ನಂಥವರು ನೇರವಾಗಿ ಎಫ್‌ಸಿಎಂ ಬಳಸೋಕೆ ಮೊದಲು ಸ್ವಂತ ಆ್ಯಪ್ ಮಾಡಬೇಕು. ಅಷ್ಟು ಟೈಮ್ ಇರಲಿಲ್ಲ. ಅದಕ್ಕೆ ಸುಲಭದ ವೆಬ್ ಸೇವೆಗಳಿವೆ. ಪುಶ್‌ಓವರ್ ಅಂತ ಒಂದಿದೆ. ನಾನು ಆರಿಸಿಕೊಂಡದ್ದು ಫಿಲಿಪ್ ಹೆಕೆಲ್ ಶುರು ಮಾಡಿದ ಓಪನ್ ಸೋರ್ಸ್ ಸೇವೆ. ಎನ್, ಟಿ, ಎಫ್, ವೈ ಅಂತ ನಾಲ್ಕೇ ಅಕ್ಷರ ಬರೆದು ನೋಟಿಫೈ ಅಂತ ಓದ್ತಾರೆ. ಒಂದು ಟಾಪಿಕ್ ಹೆಸರಿಗೆ ಸಾದಾ ಎಚ್‌ಟಿಟಿಪಿ ಪೋಸ್ಟ್ ಮಾಡಿದರೆ ಆಯ್ತು, ಆ ಟಾಪಿಕ್ಕಿಗೆ ಸಬ್‌ಸ್ಕ್ರೈಬ್ ಆದ ಎಲ್ಲ ಫೋನೂ ಬಡಿದುಕೊಳ್ಳುತ್ತವೆ. ಹೆಸರು ಗೊತ್ತಿದ್ದವರು ಯಾರು ಬೇಕಾದರೂ ಕೇಳಬಹುದು, ಹಾಗಾಗಿ ಟಾಪಿಕ್ಕಿಗೆ ಊರ ಹೆಸರು ಇಡದೆ ಪಾಸ್‌ವರ್ಡಿನಂಥ ಹೆಸರಿಡಬೇಕು. 1ರಿಂದ 5ರವರೆಗೆ ಆದ್ಯತೆ ಕೊಡಬಹುದು, 5 ಕೊಟ್ಟರೆ ಫೋನು ಉದ್ದಕ್ಕೆ ನಡುಗುತ್ತೆ. ಪೋಸ್ಟ್ ಮಾಡೋದಕ್ಕೂ ಸೋಮಾರಿತನ ಬಂದು, ಆ ಕೆಲಸ ಮಾಡಿಕೊಡೋ ಒಂದು ಚಿಕ್ಕ ಪೈಥಾನ್ ಕ್ಲೈಂಟ್ ಲೈಬ್ರರಿ ಹುಡುಕಿದೆ. ಶೀರ್ಷಿಕೆ, ಸಂದೇಶ, ಆದ್ಯತೆ ಕೊಟ್ಟು ಒಂದು ಫಂಕ್ಷನ್ ಕರೆದರೆ ಮುಗೀತು. ಯಾರೋ ಬಿಡುವಿನಲ್ಲಿ ಬರೆದು ಎಲ್ಲರಿಗೂ ಬಿಟ್ಟುಕೊಟ್ಟದ್ದು.

ಜುಲೈನಲ್ಲಿ ಒಂದು ರಾತ್ರಿ 2 ಗಂಟೆ 11 ನಿಮಿಷಕ್ಕೆ ಹಳ್ಳ ಏರಿತು. ಸೆನ್ಸರ್ ಅಳೆಯಿತು, ಪೈಗೆ ಗೊತ್ತಾಯಿತು, ಲೈಬ್ರರಿ ಕಳಿಸಿತು, ಸರ್ವರ್ 200 ಅಂತ ಉತ್ತರ ಕೊಟ್ಟಿತು. 200 ಅಂದ್ರೆ ಎಲ್ಲ ಓಕೆ. ನನ್ನ ಫೋನು ಸೈಲೆಂಟಿನಲ್ಲಿತ್ತು, ಮರುದಿನ ಇಂಟರ್ನಲ್ಸ್ ಇತ್ತು. ಅಮ್ಮ ನೋಡಿದ್ದು ಬೆಳಿಗ್ಗೆ ಐದಕ್ಕೆ. ಅಜ್ಜಿಯ ಫೋನು ಮಾತ್ರ ನಡುಗಿ ಅವಳನ್ನು ಎಬ್ಬಿಸಿತು. ಎದ್ದು ಕನ್ನಡಕ ಹಾಕಿ ನೋಡಿದಳು. ವಾಟರ್ ಲೆವೆಲ್ ಅಲರ್ಟ್, ತ್ರೆಶೋಲ್ಡ್ ಎಕ್ಸೀಡೆಡ್ ಅಂತ ಎರಡು ಸಾಲು ಇಂಗ್ಲಿಷು. ರೀಚಾರ್ಜಿನ ನೋಟೀಸು ಅಂದುಕೊಂಡು ಫೋನನ್ನು ದಿಂಬಿನಡಿ ಇಟ್ಟು ಮಲಗಿದಳು.

ಸ್ವಲ್ಪ ಹೊತ್ತಿಗೆ ಕೋಳಿಗಳು ಕೂಗಾಡಿದವು. ಅವಳಿಗೆ ಅರ್ಥವಾದ ಮೊದಲ ನೋಟಿಫಿಕೇಶನ್ ಅದು. ಟಾರ್ಚ್ ಹಿಡಿದು ಹಿತ್ತಿಲ ಬಾಗಿಲು ತೆಗೆದವಳಿಗೆ ನೀರು ಮೆಟ್ಟಿಲಿಗೆ ಬಂದದ್ದು ಕತ್ತಲಲ್ಲಿ ಕಾಣಲಿಲ್ಲ. ಕಾಲು ಜಾರಿತು. ಬಲಗೈ ಊರಿ ಬಿದ್ದಳು, ಮಣಿಕಟ್ಟಿನ ಹತ್ರ ಮೂಳೆ ಬಿರುಕು ಬಿಟ್ಟಿತು. ಪಕ್ಕದ ಮನೆ ಮಾವ ಕೂಗು ಕೇಳಿ ಬಂದು ಎಬ್ಬಿಸಿದರು.

ಇಂಟರ್ನಲ್ಸ್ ಮುಗಿಸಿ ನಾನು ಲಾಗ್ ತೆಗೆದು ನೋಡಿದೆ. ಎಲ್ಲ ಸಾಲೂ ಹಸಿರು. ಒಂದೂ ಎರರ್ ಇಲ್ಲ. ಎಲ್ಲಾದರೂ ಒಂದು ಕೆಂಪು ಸಾಲು ಇದ್ದಿದ್ರೆ ಚೆನ್ನಾಗಿತ್ತು ಅಂತ ಅನ್ನಿಸ್ತು. ತಪ್ಪನ್ನು ಅದರ ಮೇಲೆ ಹಾಕಬಹುದಿತ್ತು. ಎರಡು ಸಾಲು ಇಂಗ್ಲಿಷ್ ಬರೆದದ್ದು ನಾನೇ. ಕನ್ನಡದಲ್ಲಿ ಬರೆಯೋ ಯೋಚನೆ ಕೂಡ ಬಂದಿರಲಿಲ್ಲ. ಕೋಡ್ ಅಂದ್ರೆ ಇಂಗ್ಲಿಷು ಅಂತ ಕೈಗೇ ಅಭ್ಯಾಸ ಆಗಿಹೋಗಿತ್ತು.

ಆ ವಾರ ಊರಿಗೆ ಹೋದೆ. ಅಜ್ಜಿ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿದ್ದಳು. ಬೈಲಿಲ್ಲ. ಆಗಲೇ ಹಳೇ ಮನೆಯ ಮಾತು ಬಂತು. ಕಡಲ ಬದಿಯ ಮನೆ ಬಿಡಬೇಕು ಅಂತ ಬಂದ ಕಾಗದಕ್ಕೆ ಎಲ್ಲರೂ ನೋಟೀಸು ಅಂತಿದ್ರಂತೆ. ಅದು ಕನ್ನಡದಲ್ಲೇ ಇತ್ತಂತೆ. "ಅಕ್ಷರ ಎಲ್ಲ ಓದ್ಲಿಕ್ಕೆ ಬರ್ತಿತ್ತು, ಎಂತ ಹೇಳ್ತದೆ ಅಂತ ತಿಳೀತಿರಲಿಲ್ಲ. ನಿನ್ನ ಅಜ್ಜ ಅದನ್ನ ಹಿಡ್ಕೊಂಡು ಓದುವವರ ಹುಡುಕ್ತಾ ಹೋಗಿದ್ರು" ಅಂದಳು. ಅವಳಿಗೆ ನೋಟೀಸು ಅಂದ್ರೆ ಯಾಕೆ ಅಷ್ಟು ನೆನಪು ಅಂತ ನನಗೆ ಅವತ್ತು ತಿಳೀತು. ತಿದ್ದೋದು ಬಿಟ್ಟೆ.

ಜಗಲಿಯಲ್ಲೇ ಲ್ಯಾಪ್‌ಟಾಪ್ ತೆಗೆದು ಇಂಗ್ಲಿಷ್ ಅಳಿಸಿದೆ. ಶೀರ್ಷಿಕೆಯ ಜಾಗದಲ್ಲಿ 'ಅರ್ಗಾ' ಅಂತ ಬರೆದು ರನ್ ಮಾಡಿದೆ. ಪ್ರೋಗ್ರಾಂ ಬಿದ್ದೇ ಹೋಯ್ತು. ಲ್ಯಾಟಿನ್-1 ಕೋಡೆಕ್‌ಗೆ 0ರಿಂದ 4ರವರೆಗಿನ ಅಕ್ಷರಗಳನ್ನು ಎನ್‌ಕೋಡ್ ಮಾಡೋಕೆ ಆಗಲ್ಲ, ಅವು 256ರ ಒಳಗಿಲ್ಲ ಅಂತ ಎರರ್. ವಾರದ ಹಿಂದೆ ಬೇಕೆನಿಸಿದ್ದ ಕೆಂಪು ಸಾಲು ಈಗ ಬಂದಿತ್ತು.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ, ನಿಮ್ಮ ಪ್ರಾಜೆಕ್ಟಿಗೂ ಬೇಕಾಗಬಹುದು. ಎಚ್‌ಟಿಟಿಪಿ ಕೋರಿಕೆಯಲ್ಲಿ ಎರಡು ಭಾಗ, ಹೆಡರ್ ಮತ್ತು ಬಾಡಿ. ಅಂಚೆಗೆ ಹೋಲಿಸಿದರೆ ಲಕೋಟೆಯ ಮೇಲಿನ ಬರಹ ಹೆಡರ್, ಒಳಗಿನ ಪತ್ರ ಬಾಡಿ. ಒಳಗಿನ ಪತ್ರ ಯಾವ ಭಾಷೆಯಲ್ಲಾದರೂ ಇರಬಹುದು. ಲಕೋಟೆಯ ಮೇಲೆ ಮಾತ್ರ ಹಳೇ ಕಾಲದ ಲ್ಯಾಟಿನ್-1 ಲಿಪಿ ಪದ್ಧತಿ ಉಳಿದುಕೊಂಡಿದೆ. ಅದರಲ್ಲಿ ಇರೋದೇ 256 ಸ್ಥಾನ, ಪಶ್ಚಿಮ ಯುರೋಪಿನ ಭಾಷೆಗಳಿಗಾಗಿ ಮಾಡಿದ್ದು. ಪೈಥಾನ್ ಹೆಡರನ್ನು ಆ ಪದ್ಧತಿಗೇ ತುರುಕೋಕೆ ನೋಡುತ್ತೆ. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಜಾಗ ಇದೆ, ಆದರೆ ಅದು 256ರಿಂದ ಬಹಳ ದೂರ. 'ಅರ್ಗಾ' ಅನ್ನೋ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡಿಗೆ ಅ, ರ, ಅರ್ಧಾಕ್ಷರದ ಗುರುತು, ಗ, ದೀರ್ಘ ಸೇರಿ ಐದು. ಯುಟಿಎಫ್-8ನಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 15. ಇಂಗ್ಲಿಷಿನಲ್ಲಿ ಇದೇ ಊರು 4 ಬೈಟಿನಲ್ಲಿ ಮುಗಿಯುತ್ತೆ. ಆ ಸೇವೆಯಲ್ಲಿ ಒಂದು ಸಂದೇಶಕ್ಕೆ ಮಿತಿ 4096 ಬೈಟ್. ಅಂದ್ರೆ ಕನ್ನಡದಲ್ಲಿ ಬರೆಯುವವರಿಗೆ ಮೂರನೇ ಒಂದು ಭಾಗದ ಜಾಗ ಅಂತಾಯ್ತು. ಅಜ್ಜಿಗೆ ಅಷ್ಟು ಧಾರಾಳ ಸಾಕು.

ಲೈಬ್ರರಿ ಓಪನ್ ಸೋರ್ಸ್ ಆಗಿದ್ದರಿಂದ ಒಳಗೆ ಹೋಗಿ ನೋಡಿದೆ. ಶೀರ್ಷಿಕೆಯನ್ನು ಹೆಡರಿನಲ್ಲಿ ಹಾಕ್ತಿದ್ದ ಸಾಲು ಸಿಕ್ಕಿತು. ಬರೆದವರಿಗೆ ಕನ್ನಡದ ಮೇಲೆ ಏನೂ ಸಿಟ್ಟಿರಲಿಲ್ಲ. ಅವರ ಮನೆಯಲ್ಲಿ ಇಂಗ್ಲಿಷ್ ಶೀರ್ಷಿಕೆ ಸರಿಯಾಗಿ ಹೋಗ್ತಿತ್ತು, ಅಷ್ಟೇ. ನಾನು ಅಜ್ಜಿಗೆ ಮಾಡಿದ್ದೂ ಅದನ್ನೇ ಅಲ್ವಾ? ಆ ಸೇವೆಗೆ ಎಲ್ಲವನ್ನೂ ಜೇಸನ್ ರೂಪದಲ್ಲಿ ಬಾಡಿಯೊಳಗೇ ಕಳಿಸುವ ದಾರಿಯೂ ಇದೆ. ಟಾಪಿಕ್, ಶೀರ್ಷಿಕೆ, ಸಂದೇಶ, ಆದ್ಯತೆ ಎಲ್ಲ ಪತ್ರದೊಳಗೆ ಹೋದರೆ ಲಕೋಟೆಯ ಮೇಲೆ ಬರೆಯೋದೇ ಬೇಡ. ಹನ್ನೊಂದು ಸಾಲು ಬದಲಿಸಿದೆ. ಫೋನು ಟಣ್ ಅಂದಿತು. ಅಜ್ಜಿ ಎತ್ತಿಕೊಂಡು "ಅರ್ಗಾ" ಅಂತ ಗಟ್ಟಿಯಾಗಿ ಓದಿದಳು.

ನನ್ನ ಕಂಪ್ಯೂಟರಿನಲ್ಲಿ ಸರಿಯಾಯ್ತು ಅಂತ ಅಲ್ಲಿಗೇ ಬಿಡಬಹುದಿತ್ತು. ಹಾಸ್ಟೆಲಿಗೆ ವಾಪಸ್ ಬಂದ ಮೇಲೆ ರೂಂಮೇಟ್ ಬಿಡಲಿಲ್ಲ, "ಕಳಿಸು ಮಾರಾಯ್ತಿ, ಬಂಗಾಳಿ ತಮಿಳಿನವರಿಗೂ ಇದೇ ತೊಂದರೆ ಇರುತ್ತಲ್ಲ" ಅಂದಳು. ಜೀವನದ ಮೊದಲ ಪುಲ್ ರಿಕ್ವೆಸ್ಟ್ ಕಳಿಸಿದೆ. ಎರಡು ದಿನ ಐದೈದು ನಿಮಿಷಕ್ಕೆ ತೆಗೆದು ನೋಡಿದೆ, ಪುಶ್ ಬಗ್ಗೆ ಇಷ್ಟೆಲ್ಲ ಬರೆದವಳು ಪೋಲಿಂಗ್ ಮಾಡ್ತಿದ್ದೆ. ಆಮೇಲೆ ಉತ್ತರ ಬಂತು. ಬದಲಾವಣೆ ಸರಿ ಇದೆ, ಒಂದು ಟೆಸ್ಟ್ ಸೇರಿಸಿ, ನಾಳೆ ಯಾರಾದರೂ ಮತ್ತೆ ಮುರಿಯಬಾರದು ಅಂತ ಕೇಳಿದ್ದರು. ಟೆಸ್ಟಿಗೆ ಯಾವ ಪದ ಹಾಕಿದೆ ಅಂತ ಬೇರೆ ಹೇಳಬೇಕಾಗಿಲ್ಲ. ಒಂಬತ್ತನೇ ದಿನ ಸೇರಿಸಿಕೊಂಡರು. ಈಗ ಆ ಲೈಬ್ರರಿಯಲ್ಲಿ ಯಾರು ಏನು ಬದಲಿಸಿದರೂ ಮೊದಲು ನಮ್ಮೂರ ಹೆಸರು ಸರಿಯಾಗಿ ಹೋಗುತ್ತಾ ಅಂತ ಪರೀಕ್ಷೆ ಆಗುತ್ತೆ.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ರೆಸ್ಯೂಮೆಗೆ ಹಾಕೋ ಒಂದು ಸಾಲು ಆಗ್ತಿತ್ತು. ಮುಗಿಯಲಿಲ್ಲ. ಕನ್ನಡ ಹೋಗೋಕೆ ದಾರಿ ಆಯ್ತು, ಆದರೆ ಯಾವ ಕನ್ನಡ ಕಳಿಸೋದು? ನನ್ನ ಇಂಗ್ಲಿಷ್ ಸಾಲನ್ನು ಅನುವಾದದ ಆ್ಯಪಿಗೆ ಕೊಟ್ಟೆ. "ಜಲಮಟ್ಟವು ನಿಗದಿತ ಮಿತಿಯನ್ನು ಮೀರಿದೆ" ಅಂತ ಬಂತು. ಬಹಳ ಚೆನ್ನಾಗಿದೆ ಅನ್ನಿಸಿ ಅದನ್ನೇ ಕಳಿಸಿ, ಅಜ್ಜಿಗೆ ಫೋನ್ ಮಾಡಿ ಓದೋಕೆ ಹೇಳಿದೆ. ನಿಧಾನಕ್ಕೆ ಪೂರ್ತಿ ಓದಿದಳು. ಸ್ವಲ್ಪ ಸುಮ್ಮನಿದ್ದು, "ಇದೂ ನೋಟೀಸೇ" ಅಂದಳು.

"ಹಾಗಾದ್ರೆ ನೀನೇ ಹೇಳು, ಹೇಗೆ ಬರೀಲಿ?"

"ಹಳ್ಳ ಬಂತು ಅಂತ ಬರಿ."

"ಅಷ್ಟೇನಾ?"

"ಮತ್ತೆಂತ? ಎಲ್ಲಿವರೆಗೆ ಬಂತು ಹೇಳು. ನಾ ಎಂತ ಮಾಡ್ಬೇಕು ಹೇಳು."

ನಾನು ಇಡೀ ಪ್ರೋಗ್ರಾಮಿನಲ್ಲಿ ಸೆಂಟಿಮೀಟರ್ ಲೆಕ್ಕ ಇಟ್ಟಿದ್ದೆ. ಅವಳಿಗೆ ಸೆಂಟಿಮೀಟರಿನಿಂದ ಏನೂ ಆಗಬೇಕಾಗಿರಲಿಲ್ಲ. ಹಳ್ಳದ ಕಲ್ಲು, ತೆಂಗಿನ ಬುಡ, ಕೋಳಿಗೂಡು, ಕೆಳಗಿನ ಮೆಟ್ಟಿಲು, ಇವು ಅವಳ ಅಳತೆ. ಫೋನಿನಲ್ಲೇ ಒಂದೊಂದಾಗಿ ಕೇಳಿ ಬರೆದುಕೊಂಡೆ. ಪಕ್ಕದ ಮನೆ ಮಾವ ಟೇಪು ಹಿಡಿದು ಯಾವುದು ಎಷ್ಟು ಎತ್ತರದಲ್ಲಿದೆ ಅಂತ ಅಳೆದು ಹೇಳಿದರು. ಈಗ ಸಂದೇಶ ಹೀಗೆ ಹೋಗುತ್ತೆ: "ಹಳ್ಳ ತೆಂಗಿನ ಬುಡಕ್ಕೆ ಬಂತು. ಎದ್ದು ದೀಪ ಹಾಕು." ಅದರ ಮೇಲಿನದ್ದು: "ಹಳ್ಳ ಕೋಳಿಗೂಡಿಗೆ ಬಂತು. ಹಿತ್ತಿಲಿಗೆ ಹೋಗ್ಬೇಡ. ಮಾವನ ಮನೆಗೆ ಹೋಗು." ನನ್ನ ಹತ್ತು ವರ್ಷದ ಇಂಗ್ಲಿಷ್ ಮೀಡಿಯಂ ಕನ್ನಡದಲ್ಲಿ ಈ ಐದು ವಾಕ್ಯ ನನಗೇ ಹೊಳೀತಿರಲಿಲ್ಲ.

ಇನ್ನೊಂದು ವಿಷಯ ಉಳಿದಿತ್ತು. 200 ಅಂದ್ರೆ ಸರ್ವರಿಗೆ ಸಿಕ್ಕಿತು ಅಂತ ಮಾತ್ರ. ಅಜ್ಜಿಗೆ ಸಿಕ್ಕಿತು ಅಂತ ಅಲ್ಲ. ಪುಶ್‌ಓವರಿನಲ್ಲಿ ತುರ್ತು ಆದ್ಯತೆ ಅಂತ ಒಂದಿದೆ, ನೋಡಿದೆ ಅಂತ ಒತ್ತುವವರೆಗೂ ಮತ್ತೆ ಮತ್ತೆ ಬರುತ್ತೆ. ಎಷ್ಟು ಸೆಕೆಂಡಿಗೊಮ್ಮೆ ಬರಬೇಕು ಅಂತ ನಾವೇ ಹೇಳಬಹುದು, 30ಕ್ಕಿಂತ ಕಮ್ಮಿ ಆಗಲ್ಲ. ಮೂರು ಗಂಟೆ ಮೀರಿ ಬರಲ್ಲ. ಆ ಯೋಚನೆಯನ್ನು ನಾನು ಎರವಲು ತಗೊಂಡೆ. ನಾನು ಬಳಸುವ ಸೇವೆಯಲ್ಲಿ ಸಂದೇಶದ ಕೆಳಗೆ ಗುಂಡಿ ಇಡಬಹುದು, ಒತ್ತಿದರೆ ಇನ್ನೊಂದು ಕಡೆಗೆ ಕೋರಿಕೆ ಹೋಗುತ್ತೆ. "ನೋಡ್ದೆ" ಅಂತ ಒಂದು ಗುಂಡಿ ಇಟ್ಟೆ. ಮೂರು ನಿಮಿಷದಲ್ಲಿ ಒತ್ತದಿದ್ದರೆ ಮಾವನ ಫೋನಿಗೂ ಹೋಗುತ್ತೆ. ಅವರೂ ಒತ್ತದಿದ್ದರೆ ನನ್ನ ಫೋನು. ಈಗ ಅದು ಸೈಲೆಂಟಿನಲ್ಲೂ ಕೂಗುತ್ತೆ, ಲೈಬ್ರರಿಯಲ್ಲಿ ಒಂದು ಸಲ ಕೂಗಿ ಎಲ್ಲರ ಹತ್ರ ಬೈಸಿಕೊಂಡಿದ್ದೇನೆ. ಆ ದಿನ ಯಾಕೆ ಅಂತ ಕೇಳಿದವರಿಗೆ ಇದೇ ಉತ್ತರ.

ಆಗಸ್ಟಿನಲ್ಲಿ ಇನ್ನೊಮ್ಮೆ ಹಳ್ಳ ತೆಂಗಿನ ಬುಡಕ್ಕೆ ಬಂತು. ರಾತ್ರಿ ಹನ್ನೊಂದೂವರೆ. ನಲವತ್ತು ಸೆಕೆಂಡಿನಲ್ಲಿ "ನೋಡ್ದೆ" ಅಂತ ಬಂತು. ಎಡಗೈಯಲ್ಲಿ ಒತ್ತಿದ್ದಳು. ನಾನು ಆ ರಾತ್ರಿ ನಿದ್ದೆ ಮಾಡಲಿಲ್ಲ, ಅಜ್ಜಿ ಆರಾಮಾಗಿ ದೀಪ ಹಾಕಿಕೊಂಡು ಕೂತಿದ್ದಳಂತೆ. ನೀರು ಒಂದು ಗಂಟೆಯಲ್ಲಿ ಇಳಿಯಿತು.

ಇದರಲ್ಲಿ ತೂತುಗಳಿವೆ, ಮುಚ್ಚಿಡಲ್ಲ. ಜೋರು ಮಳೆಗೆ ಕರೆಂಟು ಹೋಗುತ್ತೆ. ರೂಟರಿಗೆ ಚಿಕ್ಕ ಬ್ಯಾಟರಿ ಇಟ್ಟಿದ್ದೇನೆ, ಆದರೆ ಟವರೇ ಹೋದರೆ ನನ್ನ ಹನ್ನೊಂದು ಸಾಲಿನಿಂದ ಏನೂ ಆಗಲ್ಲ. ಗುಡ್ಡ ಕುಸಿದರೆ ನನ್ನ ಸೆನ್ಸರಿಗೆ ಗೊತ್ತೂ ಆಗಲ್ಲ. ಸುಮ್ಮನಿರುವ ಫೋನು ನೀರಿಲ್ಲ ಅಂತ ಸುಮ್ಮನಿದೆಯೋ, ಯಂತ್ರ ಕೆಟ್ಟು ಸುಮ್ಮನಿದೆಯೋ ಅಂತ ತಿಳಿಯೋಕೆ ದಿನಾ ಬೆಳಿಗ್ಗೆ ಏಳಕ್ಕೆ ಒಂದು ಸಂದೇಶ ಹೋಗುವ ಹಾಗೆ ಮಾಡಿದ್ದೇನೆ: "ಹಳ್ಳ ಕೆಳಗೇ ಇದೆ."

ನೀವು ಬರೆಯುವ ಪ್ರಾಜೆಕ್ಟಿನಲ್ಲಿ ಇವತ್ತು ಒಂದು ಕೆಲಸ ಮಾಡಿ ನೋಡಿ. ಹೆಸರು ಹಾಕುವ ಜಾಗದಲ್ಲಿ ನಿಮ್ಮೂರ ಹೆಸರನ್ನು ಕನ್ನಡದಲ್ಲಿ ಕೊಡಿ. ಒತ್ತಕ್ಷರ ಇರುವ ಊರಾದರೆ ಇನ್ನೂ ಒಳ್ಳೇದು. ಬಿದ್ದರೆ ಒಳಗೆ ಹೋಗಿ ಸರಿ ಮಾಡಿ, ಮಾಡಿದ್ದನ್ನು ವಾಪಸ್ ಕಳಿಸಿ. ಬೀಳದೆ ಹೋದರೆ ಆ ಸಂದೇಶವನ್ನು ಮನೆಯಲ್ಲಿ ಯಾರಿಗಾದರೂ ಓದಿಸಿ, ಏನು ಅರ್ಥವಾಯ್ತು ಅಂತ ಕೇಳಿ.

ಹೋದ ವಾರ ಬೆಳಿಗ್ಗೆ 7 ಗಂಟೆ 10 ನಿಮಿಷಕ್ಕೆ ಅಜ್ಜಿಯ ಫೋನ್ ಬಂತು. "ತಂಗೀ, ಇವತ್ತು ನಿನ್ನ ನೋಟೀಸು ಬರ್ಲಿಲ್ಲ. ಹುಷಾರಿದ್ದೀಯಾ?" ಅಟ್ಟ ಗುಡಿಸುವಾಗ ಅವಳೇ ಪ್ಲಗ್ ಕಿತ್ತಿದ್ದಳು. ಹಳ್ಳದಲ್ಲಿ ಈಗ ಚಪ್ಪಲಿ ಒದ್ದೆಯಾಗುವಷ್ಟೂ ನೀರಿಲ್ಲ. ಆದರೂ ಪ್ಲಗ್ ಹಾಕಿಸಿದೆ.